ಒಡೆತನವೂ ಒಡನಾಟವೂ

ನಾಲ್ವರು ಸೇರಿ ಮಾಡಬೇಕಾದ ಕೆಲಸವೆಲ್ಲಿದೆಯೋ ಅಲ್ಲಿ ಒಬ್ಬನು ಹೇಳುವವನೂ ಉಳಿದವರು ಕೇಳುವವರೂ ಆಗುವುದು ಲೋಕದ ಸ್ಥಿತಿ. ಗದ್ದೆಯ ನಾಟಿಯಿಂದ ಹಿಡಿದು ಉಕ್ಕಿನ ಕಾರ್ಖಾನೆಯವರೆಗೆ, ಹಳ್ಳಿಯ ಪ್ರಾಥಮಿಕ ಶಾಲೆಯಿಂದ ಹಿಡಿದು ರಾಜಧಾನಿಯ ಸಚಿವಾಲಯದವರೆಗೆ ಇದಕ್ಕೆ ಅಪವಾದವಿಲ್ಲ. ಹೇಳುವವನಿಗೆ ಮೇಸ್ತ್ರಿಯೆಂದೋ ಮುಖ್ಯೋಪಾಧ್ಯಾಯನೆಂದೋ ವ್ಯವಸ್ಥಾಪಕನೆಂದೋ ಹೆಸರು ಬೇರೆಬೇರೆಯಾಗಬಹುದು. ಆ ಸ್ಥಾನದಲ್ಲಿ ಗಂಡಸಿರಬಹುದು, ಹೆಂಗಸಿರಬಹುದು. ಇಲ್ಲಿ ಸೌಕರ್ಯಕ್ಕಾಗಿ ಅವರೆಲ್ಲರನ್ನೂ ಯಜಮಾನನೆಂಬ ಒಂದೇ ಶಬ್ದದಿಂದ ಕರೆಯಲಾಗಿದೆ. ವಿಚಾರ ಮಾಡಬೇಕಾದ ಪ್ರಶ್ನೆಯು ಇದು: ಯಜಮಾನನಿಗೂ ಅವನ ಕೈಕೆಳಗಿನವರಿಗೂ ನಡುವೆ ಇರತಕ್ಕ ಸಂಬಂಧವು ಕೆಲಸ ಕೂಲಿಗಳ ಲೆಕ್ಕದಲ್ಲಿಯೇ ಮುಗಿಯುವುದೆ? ಅಥವಾ ಮನುಷ್ಯನಿಗೂ ಮನುಷ್ಯನಿಗೂ ಸಲ್ಲಬೇಕಾದ ಬೇರೊಂದು ನಂಟು ಅಲ್ಲಿ ಇರಲೇಬೇಕೆ? ಇರಬೇಕಾದರೆ, ನಿಜವಾದ ನಂಟನ್ನೂ ನಟನೆಯ ನಂಟನ್ನೂ ಬೇರ್ಪಡಿಸಿ ತೋರಿಸುವ ಒರೆಗಲ್ಲು ಯಾವುದು?

ಯಜಮಾನನಿಗೆ ಅಧಿಕಾರವು ಎರಡು ಮೂಲಗಳಿಂದ ಬರುತ್ತದೆ. ಒಂದು ಸರ್ಕಾರದ ಆಜ್ಞೆಯಿಂದಲೋ ಬಂಡವಾಳದ ಬಲದಿಂದಲೋ ಬಂದದ್ದು. ಇದನ್ನು ಪೀಠದ ಅಧಿಕಾರವೆನ್ನಬಹುದು. ಇನ್ನೊಂದು ಕೈಕೆಳಗಿನವರು ತಾವಾಗಿ ಒಪ್ಪಿ ಕೊಟ್ಟದ್ದು. ಮೊದಲನೆಯದು ವರ್ಗಾವಣೆಯ ಹುಕುಮು ಬಂದ ದಿನವೇ ಹೊಸಬನ ಕೈಸೇರುತ್ತದೆ. ಎರಡನೆಯದು ಸೇರಲು ವರ್ಷಗಳು ಬೇಕು, ಕೆಲವರಿಗೆ ಅದು ನಿವೃತ್ತಿಯವರೆಗೂ ಸೇರುವುದಿಲ್ಲ. ಪೀಠದ ಅಧಿಕಾರದಿಂದ ಜನರನ್ನು ಹತ್ತು ಗಂಟೆಗೆ ಸರಿಯಾಗಿ ಬರಮಾಡಬಹುದು, ಸಂಜೆಯವರೆಗೆ ಕೂಡಿಸಬಹುದು, ಕಾಗದಗಳಿಗೆ ರುಜು ಹಾಕಿಸಬಹುದು. ಆದರೆ ಕೆಲಸದಲ್ಲಿ ಕಂಡ ಕೇಡನ್ನು ಅವರು ತಾವಾಗಿ ಬಂದು ಹೇಳುವಂತೆ ಮಾಡುವುದು ಆ ಅಧಿಕಾರಕ್ಕೆ ಸಾಧ್ಯವಿಲ್ಲ. ಈ ಒಂದು ಸಂಗತಿಯಲ್ಲಿಯೇ ಪ್ರಕೃತ ವಿಷಯದ ಮರ್ಮವಡಗಿದೆ.

ಪೂರ್ವಪಕ್ಷವನ್ನು ಮೊದಲು ಸಾವಧಾನವಾಗಿ ಕೇಳಬೇಕು. ಏಕೆಂದರೆ ಅದು ಕೇವಲ ಕಲ್ಲೆದೆಯವರ ಮಾತಲ್ಲ. ಸಂಬಳಕ್ಕೆ ದುಡಿಯುವವನು ದಿನದ ಕೆಲವು ಗಂಟೆಗಳನ್ನು ಮಾರಿರುವನೇ ಹೊರತು ತನ್ನ ಮನೆಯ ಸುಖದುಃಖಗಳನ್ನು ಯಜಮಾನನಿಗೆ ಒಪ್ಪಿಸಿಲ್ಲ. ಆದುದರಿಂದ ಕೆಲಸಕ್ಕೆ ತಕ್ಕ ಸಂಬಳವನ್ನು ಕೊಟ್ಟ ಮೇಲೆ ಇಬ್ಬರ ಋಣವೂ ತೀರಿತು ಎಂಬುದು ಮೊದಲನೆಯ ಆಕ್ಷೇಪ. ಒಡನಾಟವು ಬೆಳೆದಲ್ಲಿ ಪಕ್ಷಪಾತವೂ ಬೆಳೆಯುತ್ತದೆ, ಹತ್ತಿರದವನ ತಪ್ಪು ಸಣ್ಣದಾಗಿಯೂ ದೂರದವನ ತಪ್ಪು ದೊಡ್ಡದಾಗಿಯೂ ಕಾಣತೊಡಗುತ್ತದೆ, ಆದುದರಿಂದ ನ್ಯಾಯವನ್ನು ಬಯಸುವ ಯಜಮಾನನು ಎಲ್ಲರಿಂದಲೂ ದೂರವಿರತಕ್ಕದ್ದು ಎಂಬುದು ಎರಡನೆಯದು. ಸಲಿಗೆ ಕೊಟ್ಟರೆ ತಲೆಯ ಮೇಲೆ ಕುಳಿತುಕೊಳ್ಳುವರು, ಶಿಸ್ತು ಕೆಡುವುದು ಎಂಬುದು ಮೂರನೆಯದು. ಈ ಮೂರೂ ಆಕ್ಷೇಪಗಳು ಅನುಭವದ ಬೇರನ್ನುಳ್ಳವು. ಅವುಗಳನ್ನು ನಕ್ಕು ತಳ್ಳಿಬಿಡುವುದು ಸರಿಯಲ್ಲ.

ಮೊದಲನೆಯದಕ್ಕೆ ಸಮಾಧಾನವೇನೆಂದರೆ, ಮನುಷ್ಯನ ಗಂಟೆಗಳನ್ನು ಮನುಷ್ಯನಿಂದ ಕತ್ತರಿಸಿ ಕೊಳ್ಳಲು ಬರುವುದಿಲ್ಲ. ಬಾವಿಯ ನೀರನ್ನು ಸೇದಿ ಕೊಡದಲ್ಲಿ ಮನೆಗೆ ತರಬಹುದು, ಬಾವಿಯು ಇದ್ದಲ್ಲಿಯೇ ಇರುತ್ತದೆ. ದುಡಿಮೆಯು ಹಾಗಲ್ಲ, ಅದನ್ನು ಕೊಂಡವನ ಮನೆಗೆ ದುಡಿಯುವವನೂ ಬರಲೇಬೇಕು. ರಾತ್ರಿಯೆಲ್ಲ ಜ್ವರದ ಮಗುವಿನ ಪಕ್ಕದಲ್ಲಿ ಎಚ್ಚರವಾಗಿದ್ದ ಗುಮಾಸ್ತನು ಬೆಳಿಗ್ಗೆ ಲೆಕ್ಕವನ್ನು ಬರೆಯುವಾಗ ಅವನ ಕೈಯೊಡನೆ ಆ ರಾತ್ರಿಯೂ ಕಛೇರಿಗೆ ಬಂದಿರುತ್ತದೆ. ಅದನ್ನು ಅರಿಯದ ಯಜಮಾನನು ಆ ಲೆಕ್ಕದ ತಪ್ಪನ್ನು ಕಾಣುವನು, ತಪ್ಪಿನ ಕಾರಣವನ್ನು ಕಾಣಲಾರನು. ಆದರೆ ಈ ಆಕ್ಷೇಪದಲ್ಲಿ ಒಂದು ಸತ್ಯವುಂಟು. ವಿಚಾರಿಸುವುದು ಬೇರೆ, ಕೆದಕುವುದು ಬೇರೆ. ಹೇಳಿಕೊಳ್ಳಲು ಬಾಗಿಲು ತೆರೆದಿರಬೇಕು, ಹೇಳಲೇಬೇಕೆಂಬ ಬಲಾತ್ಕಾರವಿರಬಾರದು.

ಎರಡನೆಯ ಆಕ್ಷೇಪವನ್ನು ಸ್ವಲ್ಪ ಬಿಡಿಸಿ ನೋಡಿದರೆ, ಪಕ್ಷಪಾತವು ಅರಿವಿನಿಂದ ಹುಟ್ಟುವುದಲ್ಲ, ಅರೆಯರಿವಿನಿಂದ ಹುಟ್ಟುವುದೆಂದು ತಿಳಿಯುತ್ತದೆ. ಹತ್ತು ಜನರಲ್ಲಿ ಇಬ್ಬರನ್ನು ಮಾತ್ರ ಬಲ್ಲವನು ಆ ಇಬ್ಬರ ಕಡೆಗೆ ವಾಲುವನು. ಹತ್ತು ಜನರನ್ನೂ ಬಲ್ಲವನಿಗೆ ವಾಲಲು ಅಷ್ಟು ಸುಲಭವಾದ ಎಡೆಯಿಲ್ಲ. ಯಾರನ್ನೂ ಅರಿಯದೆ ಎಲ್ಲರನ್ನೂ ಒಂದೇ ರೀತಿಯಾಗಿ ನಡೆಸಿಕೊಳ್ಳುವುದು ನ್ಯಾಯವಲ್ಲ. ಅದು ಎಲ್ಲ ರೋಗಿಗಳಿಗೂ ಒಂದೇ ಕಷಾಯವನ್ನು ಕುಡಿಸುವ ವೈದ್ಯನ ಸಮದೃಷ್ಟಿ.

ಮೂರನೆಯ ಆಕ್ಷೇಪಕ್ಕೆ ಉತ್ತರವನ್ನು ವಾಲ್ಮೀಕಿಯ ಅಯೋಧ್ಯಾಕಾಂಡದಲ್ಲಿಯೇ ಕಾಣಬಹುದು. ಚಿತ್ರಕೂಟಕ್ಕೆ ಬಂದ ಭರತನನ್ನು ಕುರಿತು ಶ್ರೀರಾಮನು ರಾಜ್ಯದ ಕುಶಲವನ್ನು ಒಂದೊಂದಾಗಿ ಕೇಳುವ ಸಂದರ್ಭವು ವಾಚಕರಿಗೆ ತಿಳಿದದ್ದೇ. ಆ ಪ್ರಶ್ನೆಗಳ ನಡುವೆ ಕೆಲಸಗಾರರ ವಿಷಯವೂ ಬರುತ್ತದೆ. ಅವರೆಲ್ಲರೂ ಅಂಜಿಕೆಯೆಂಬುದಿಲ್ಲದೆ ಸದಾ ಎದುರಿಗೆ ಬಂದು ನಿಲ್ಲುವ ಹಾಗಾಗಿದೆಯೆ, ಅಥವಾ ಎಲ್ಲರೂ ದೂರ ಸರಿದುಬಿಟ್ಟಿರುವರೆ ಎಂದು ಕೇಳಿ, ಈ ವಿಷಯದಲ್ಲಿ ನಡುವಣ ದಾರಿಯೇ ಸರಿಯಾದುದೆಂದು ರಾಮನು ಅಭಿಪ್ರಾಯಪಡುತ್ತಾನೆ. ಸಲಿಗೆಯಿಂದ ಕೆಡುವುದುಂಟೆಂಬುದನ್ನು ಆದಿಕವಿಯು ಬಲ್ಲನು. ದೂರವಿರುವುದರಿಂದಲೂ ಕೆಡುವುದುಂಟೆಂಬುದನ್ನು ಅಷ್ಟೇ ಬಲ್ಲನು. ಪೂರ್ವಪಕ್ಷಿಗಳು ಮೊದಲ ಅರ್ಧವನ್ನು ಮಾತ್ರ ಓದಿದವರು.

ಅದೇ ಪ್ರಶ್ನೆಗಳಲ್ಲಿ ಇನ್ನೊಂದು ಅಂಶವು ಗಮನಿಸತಕ್ಕದ್ದು. ಸೈನಿಕರಿಗೆ ಸಲ್ಲಬೇಕಾದ ಅನ್ನವೂ ವೇತನವೂ ಕಾಲಕ್ಕೆ ಸರಿಯಾಗಿ ಸಲ್ಲುತ್ತಿವೆಯೆ ಎಂದು ರಾಮನು ವಿಚಾರಿಸುತ್ತಾನೆ. ಮಹಾಭಾರತದ ಸಭಾಪರ್ವದಲ್ಲಿ ನಾರದರು ಧರ್ಮರಾಜನಿಗೆ ಹಾಕುವ ಪ್ರಶ್ನೆಗಳಲ್ಲಿಯೂ ಇದು ಬರುತ್ತದೆ. ರಾಜನಿಗಾಗಿ ಮಡಿದವರ ಹೆಂಡಿರನ್ನು ಪೋಷಿಸುತ್ತಿರುವೆಯಾ ಎಂಬ ಪ್ರಶ್ನೆಯೂ ಅಲ್ಲಿ ಸೇರಿದೆ. ಮನುಷ್ಯಸಂಬಂಧವೆಂಬುದು ನಗುಮುಖದಿಂದಲೂ ಸಿಹಿಮಾತಿನಿಂದಲೂ ಆರಂಭವಾಗುವುದಲ್ಲ. ತಿಂಗಳ ಸಂಬಳವು ತಿಂಗಳಿಗೆ ಸರಿಯಾಗಿ ಕೈಸೇರುವುದರಿಂದ ಆರಂಭವಾಗುವುದು. ಮೂರು ತಿಂಗಳ ಸಂಬಳವನ್ನು ಬಾಕಿಯಿಟ್ಟು ಹಬ್ಬಕ್ಕೆ ಮಿಠಾಯಿ ಹಂಚುವ ಯಜಮಾನನು ನಂಟನ್ನು ಬೆಳಸಿದವನಲ್ಲ, ಸಾಲವನ್ನು ಮರೆಸಿದವನು. ನಂಟು ನ್ಯಾಯಕ್ಕೆ ಬದಲಾಗಿ ಬರತಕ್ಕದ್ದಲ್ಲ; ನ್ಯಾಯವು ಸಂದ ಮೇಲೆ ಬರತಕ್ಕದ್ದು.

ಹೀಗೆ ಆಕ್ಷೇಪಗಳು ನಿಲ್ಲದೆಹೋದರೂ, ನಂಟು ಏಕೆ ಬೇಕೆಂಬುದು ಇನ್ನೂ ಸಿದ್ಧವಾಗಲಿಲ್ಲ. ಅದಕ್ಕೆ ಕೌಟಿಲ್ಯನ ಅರ್ಥಶಾಸ್ತ್ರವನ್ನು ನೋಡಬೇಕು. ಮೈಸೂರಿನ ಪ್ರಾಚ್ಯ ಪುಸ್ತಕಭಂಡಾರದಲ್ಲಿದ್ದ ತಾಳೆಗರಿಯ ಪ್ರತಿಯಿಂದ ರುದ್ರಪಟ್ಟಣದ ಶಾಮಶಾಸ್ತ್ರಿಗಳು 1909ರಲ್ಲಿ ಅಚ್ಚುಮಾಡಿಸಿ ಲೋಕಕ್ಕೆ ಕೊಟ್ಟ ಈ ಗ್ರಂಥವು ಕರುಣೆಗೆ ಹೆಸರಾದುದಲ್ಲ. ಗೂಢಚಾರರ ವಿಷಯವನ್ನೂ ದಂಡದ ವಿಷಯವನ್ನೂ ಅದು ಹೇಳುವ ರೀತಿಯು ಮೃದುಹೃದಯರಿಗೆ ಹಿಡಿಸುವಂಥದಲ್ಲ. ಅಂಥ ಗ್ರಂಥವೇ ರಾಜನ ದಿನಚರಿಯಲ್ಲಿ ಪೌರಜಾನಪದರ ಕಾರ್ಯಗಳನ್ನು ನೋಡಲು ಹಗಲಿನ ಒಂದು ಭಾಗವನ್ನು ಮೀಸಲಿಡುತ್ತದೆ. ಕಾರ್ಯಾರ್ಥಿಗಳನ್ನು ಬಾಗಿಲಲ್ಲಿ ಕಾಯಿಸಬಾರದೆನ್ನುತ್ತದೆ. ಇದಕ್ಕೆ ಅದು ಕೊಡುವ ಕಾರಣವು ದಯೆಯಲ್ಲ. ಕಾಣಲು ಸಿಕ್ಕದ ರಾಜನನ್ನು ಅವನ ಹತ್ತಿರದವರು ಮಾಡಬೇಕಾದುದನ್ನು ಬಿಡಿಸಿ ಮಾಡಬಾರದುದನ್ನು ಮಾಡಿಸುವರು ಎಂಬುದೇ ಆ ಕಾರಣ. ಎಂದರೆ, ಜನರಿಂದ ದೂರವಾದ ಯಜಮಾನನು ಮೊದಲು ಕಳೆದುಕೊಳ್ಳುವುದು ಜನರ ಪ್ರೀತಿಯನ್ನಲ್ಲ, ನಿಜಸ್ಥಿತಿಯ ತಿಳಿವಳಿಕೆಯನ್ನು.

ಇದು ರಾಜರ ಕಾಲಕ್ಕೆ ಮಾತ್ರ ಸಲ್ಲುವ ಮಾತೆಂದು ಯಾರೂ ತಿಳಿಯಬಾರದು. 1986ನೆಯ ಇಸವಿ ಜನವರಿ 27ರ ರಾತ್ರಿ ಅಮೆರಿಕೆಯಲ್ಲಿ ನಡೆದುದನ್ನು ನೋಡಬಹುದು. ಮರುದಿನ ಚಾಲೆಂಜರ್ ಎಂಬ ವ್ಯೋಮನೌಕೆಯು ಏರಬೇಕಾಗಿದ್ದಿತು. ಆ ರಾತ್ರಿ ಚಳಿಯು ವಿಪರೀತವಾಗಿದ್ದಿತು. ನೌಕೆಯ ಪಕ್ಕದ ರಾಕೆಟ್ಟುಗಳನ್ನು ತಯಾರಿಸಿದ ಸಂಸ್ಥೆಯಲ್ಲಿ ರೋಜರ್ ಬಾಯ್ಜೊಲಿ ಮೊದಲಾದ ಎಂಜಿನಿಯರುಗಳು, ಕೀಲುಗಳನ್ನು ಮುಚ್ಚುವ ರಬ್ಬರಿನ ಉಂಗುರಗಳು ಅಂಥ ಚಳಿಯಲ್ಲಿ ತಮ್ಮ ಕೆಲಸವನ್ನು ಮಾಡಲಾರವೆಂದು ವಾದಿಸಿದರು. ಉಷ್ಣತೆಯು 53 ಡಿಗ್ರಿ ಫ್ಯಾರನ್‌ಹೀಟಿಗಿಂತ ಕಡಮೆಯಾಗಿದ್ದರೆ ನೌಕೆಯನ್ನು ಹಾರಿಸಬಾರದೆಂದು ಅವರ ಸಲಹೆ. ಹಾರಿಸುವ ಪಕ್ಷದ ಅಧಿಕಾರಿಗಳಿಗೆ ಅದು ರುಚಿಸಲಿಲ್ಲ. ಸಂಸ್ಥೆಯ ನಾಲ್ವರು ಹಿರಿಯ ವ್ಯವಸ್ಥಾಪಕರು ತಾವು ತಾವೇ ಆಲೋಚಿಸಿ ಎಂಜಿನಿಯರುಗಳ ಮಾತನ್ನು ತಳ್ಳಿ ಒಪ್ಪಿಗೆಯನ್ನು ಕೊಟ್ಟರು. 28ರ ಬೆಳಿಗ್ಗೆ ನೌಕೆಯು ಏರಿದ 73 ಸೆಕೆಂಡುಗಳಲ್ಲಿ ಆಕಾಶದಲ್ಲಿಯೇ ಒಡೆದು ಚೂರಾಯಿತು. ಅದರಲ್ಲಿದ್ದ ಏಳು ಮಂದಿಯೂ ಸತ್ತರು. ಅವರಲ್ಲಿ ಒಬ್ಬಳು ಶಾಲೆಯ ಉಪಾಧ್ಯಾಯಿನಿ. ಬಳಿಕ ವಿಚಾರಣೆ ನಡೆಸಿದ ಆಯೋಗಕ್ಕೆ ತಿಳಿದುಬಂದದ್ದೇನೆಂದರೆ, ಹಾರಿಸಲು ಕೊನೆಯ ಆಜ್ಞೆಯನ್ನು ಕೊಟ್ಟ ಮೇಲಿನವರಿಗೆ ಹಿಂದಿನ ರಾತ್ರಿ ಎಂಜಿನಿಯರುಗಳು ಅಡ್ಡಬಂದಿದ್ದ ಸುದ್ದಿಯೇ ಮುಟ್ಟಿರಲಿಲ್ಲ. ಕೆಳಗಿನವನ ಬಾಯಲ್ಲಿ ಹೊರಟ ಸತ್ಯವು ಮೇಲಿನವನ ಕಿವಿಗೆ ಸೇರುವ ಮೊದಲೇ ನಡುವಿನ ಮೆಟ್ಟಿಲುಗಳಲ್ಲಿ ಸತ್ತಿತು. ಕೌಟಿಲ್ಯನು ಅಂಜಿದ್ದು ಇದಕ್ಕೇ.

ಇಷ್ಟರಿಂದ ನಂಟಿನ ಅವಶ್ಯಕತೆಯು ಸಿದ್ಧವಾಯಿತು. ಸತ್ಯವು ಸ್ವಭಾವತಃ ಕೆಳಗಿನಿಂದ ಮೇಲಕ್ಕೆ ಹತ್ತಬೇಕಾದದ್ದು, ಹತ್ತುವುದು ಕಷ್ಟ. ಆಜ್ಞೆಯು ಮೇಲಿನಿಂದ ಕೆಳಕ್ಕೆ ಇಳಿಯತಕ್ಕದ್ದು, ಇಳಿಯುವುದು ಸುಲಭ. ನಂಟೆಂಬುದು ಸತ್ಯವು ಹತ್ತಿಬರುವ ಮೆಟ್ಟಿಲು. ಆದರೆ ಇಲ್ಲಿ ಒಂದು ದೊಡ್ಡ ಅಪಾಯವು ತಲೆದೋರುತ್ತದೆ. ನಂಟಿನಿಂದ ಪ್ರಯೋಜನವುಂಟೆಂದು ತಿಳಿದೊಡನೆ, ಪ್ರಯೋಜನಕ್ಕಾಗಿಯೇ ನಂಟನ್ನು ಕಟ್ಟುವ ಚತುರರು ಹುಟ್ಟಿಕೊಳ್ಳುವರು. ಹಾಗೆ ಕಟ್ಟಿದ್ದು ನಂಟಾಗುವುದೆ?

ಈ ಪ್ರಶ್ನೆಯನ್ನು ಬಹಳ ಹಿಂದೆಯೇ ಕಂಡವನು ಭಾರವಿ. ಐಹೊಳೆಯ 634ರ ಶಾಸನದಲ್ಲಿ ರವಿಕೀರ್ತಿಯು ಕಾಳಿದಾಸನ ಜೊತೆಗೆ ಹೆಸರೆತ್ತಿರುವ ಕವಿಯಿವನು. ಅವನ ಕಿರಾತಾರ್ಜುನೀಯದ ಮೊದಲನೆಯ ಸರ್ಗದಲ್ಲಿ, ದುರ್ಯೋಧನನ ಆಳ್ವಿಕೆಯನ್ನು ನೋಡಿಬರಲು ಹೋಗಿದ್ದ ವನಚರನು ದ್ವೈತವನಕ್ಕೆ ಹಿಂದಿರುಗಿ ಧರ್ಮರಾಜನಿಗೆ ವರದಿಯೊಪ್ಪಿಸುತ್ತಾನೆ. ಆ ವರದಿಯು ಆಶ್ಚರ್ಯಕರವಾದುದು. ದುರ್ಯೋಧನನು ಈಗ ಗರ್ವವನ್ನು ಬಿಟ್ಟಿರುವನಂತೆ. ಸೇವಕರನ್ನು ಗೆಳೆಯರಂತೆಯೂ ಗೆಳೆಯರನ್ನು ಬಂಧುಗಳಂತೆಯೂ ಕಾಣುವನಂತೆ. ಆದರೆ ಕವಿಯು ಬಲು ಎಚ್ಚರದಿಂದ, ಅವನು ಹಾಗೆ ಇರುವನೆಂದು ಹೇಳದೆ, ಹಾಗೆ ತೋರಿಸಿಕೊಳ್ಳುವನೆಂದು ಹೇಳಿಸುತ್ತಾನೆ. ಜೂಜಿನ ಕಪಟದಿಂದ ಗೆದ್ದ ಭೂಮಿಯನ್ನು ನೀತಿಯಿಂದ ಉಳಿಸಿಕೊಳ್ಳಬೇಕೆಂಬುದು ಅದರ ಹಿಂದಣ ಉದ್ದೇಶ. ಕಾಡಿನಲ್ಲಿರುವ ಧರ್ಮರಾಜನ ಅಂಜಿಕೆಯೇ ಅದರ ಮೂಲ. ಇಲ್ಲಿ ಒಂದು ಸೂಕ್ಷ್ಮವನ್ನು ಕಾಣಬೇಕು. ಆ ಸೇವಕರಿಗೆ ದೊರೆತ ಆದರವೂ ಹಣವೂ ಸುಳ್ಳಲ್ಲ. ಸುಳ್ಳಾದದ್ದು ಅವುಗಳ ಬೇರು. ಭಯವು ತೀರಿದ ದಿನ ಆ ಆದರವೂ ತೀರುವುದು.

ಆಧುನಿಕರಲ್ಲಿಯೂ ಇದಕ್ಕೆ ನಿದರ್ಶನವುಂಟು. ಷಿಕಾಗೊ ನಗರದ ಬಳಿ ಹಾಥಾರ್ನ್ ಎಂಬಲ್ಲಿದ್ದ ದೂರವಾಣಿ ಸಲಕರಣೆಗಳ ಕಾರ್ಖಾನೆಯಲ್ಲಿ 1924ರಿಂದ 1932ರವರೆಗೆ ನಡೆದ ಪರೀಕ್ಷೆಗಳು ಪ್ರಸಿದ್ಧವಾಗಿವೆ. ದೀಪದ ಬೆಳಕನ್ನು ಹೆಚ್ಚಿಸಿದರೂ ಕೆಲಸವು ಹೆಚ್ಚಿತು, ಕುಗ್ಗಿಸಿದರೂ ಹೆಚ್ಚಿತು. ಬಳಿಕ ಆರು ಮಂದಿ ತರುಣಿಯರನ್ನು ಒಂದು ಬೇರೆ ಕೋಣೆಯಲ್ಲಿ ಕೂಡಿಸಿ, ಬಿಡುವನ್ನು ಕೊಟ್ಟು, ಅವರ ಅಭಿಪ್ರಾಯವನ್ನು ಕೇಳಿ ನಡೆಸಿಕೊಂಡಾಗ ಉತ್ಪನ್ನವು ಏರುತ್ತಹೋಯಿತು. ಜನರು ತಮ್ಮನ್ನು ಒಬ್ಬರು ಗಮನಿಸುತ್ತಿರುವರೆಂದು ತಿಳಿದಾಗ ಮನಸ್ಸಿಟ್ಟು ದುಡಿಯುವರೆಂದು ಎಲ್ಟನ್ ಮೇಯೊ ಮೊದಲಾದ ವಿದ್ವಾಂಸರು ಇದರಿಂದ ತೀರ್ಮಾನಿಸಿದರು. ಸಂಬಳದ ಕ್ರಮವು ಬದಲಾದುದೇ ಆ ಏರಿಕೆಗೆ ಕಾರಣವಿರಬಹುದೆಂದು ಬಳಿಕ ಬಂದವರು ಸಂಶಯಪಟ್ಟಿದ್ದಾರೆ. ಆ ವಿವಾದವು ಇಲ್ಲಿ ಬೇಡ. ಆದರೆ ಅದೇ ಕೋಣೆಯಿಂದ 1928ರಲ್ಲಿ ಇಬ್ಬರು ತರುಣಿಯರನ್ನು, ಅವರು ಹೆಚ್ಚು ಮಾತನಾಡುವರು, ಸಹಕರಿಸುವುದಿಲ್ಲ ಎಂಬ ಕಾರಣದಿಂದ ಹೊರಗೆ ಕಳುಹಿಸಿ ಬೇರೆ ಇಬ್ಬರನ್ನು ತಂದು ಕೂಡಿಸಲಾಯಿತೆಂಬ ಸಂಗತಿಯು ಎಲ್ಲ ತೀರ್ಮಾನಗಳಿಗಿಂತಲೂ ಹೆಚ್ಚಾಗಿ ಮಾತನಾಡುತ್ತದೆ. ಉತ್ಪನ್ನಕ್ಕಾಗಿ ಕೇಳುವ ಕಿವಿಯು ಉತ್ಪನ್ನಕ್ಕೆ ಅಡ್ಡಬರುವ ಮಾತನ್ನು ಕೇಳಲಾರದು.

ಹಾಗಾದರೆ ಪ್ರಯೋಜನವನ್ನು ಬಯಸುವುದೇ ದೋಷವೆ? ಅಲ್ಲ. ಆಪಸ್ತಂಬರು ಧರ್ಮದ ವಿಷಯದಲ್ಲಿ ಕೊಟ್ಟ ಮಾವಿನ ಮರದ ದೃಷ್ಟಾಂತವು ಇಲ್ಲಿಗೂ ಸಲ್ಲುತ್ತದೆ. ಹಣ್ಣಿಗಾಗಿ ಮಾವನ್ನು ನೆಟ್ಟವನಿಗೆ ನೆರಳೂ ಕಂಪೂ ಕೇಳದೆಯೇ ಒದಗುವುವು. ಮನುಷ್ಯನನ್ನು ಮನುಷ್ಯನೆಂದು ಕಾಣುವುದು ಹಣ್ಣು. ಕೆಲಸವು ಚೆನ್ನಾಗಿ ಸಾಗುವುದು ನೆರಳು. ನೆರಳಿನ ಆಸೆಗಾಗಿ ಮರದ ಬದಲು ಬಣ್ಣದ ಕಾಗದದ ಎಲೆಗಳನ್ನು ಕಂಬಕ್ಕೆ ಕಟ್ಟಿದವನಿಗೆ ಮೊದಲನೆಯ ಮಳೆಯವರೆಗೆ ಮಾತ್ರ ನೆರಳು.

ಮಳೆಯೆಂದರೆ ನಷ್ಟದ ಕಾಲ. ಲಾಭದ ದಿನಗಳಲ್ಲಿ ನಿಜವಾದ ನಂಟಿಗೂ ನಟನೆಯ ನಂಟಿಗೂ ಭೇದವು ಕಾಣದು. ನಷ್ಟದಲ್ಲಿ ಅದು ಬಯಲಾಗುತ್ತದೆ. ಆದುದರಿಂದ ನಷ್ಟವೇ ಮೊದಲನೆಯ ಒರೆಗಲ್ಲು. ವೇಲ್ಸ್ ದೇಶದವನಾದ ರಾಬರ್ಟ್ ಓವನ್ ಎಂಬವನು 1800ರಲ್ಲಿ ಸ್ಕಾಟ್ಲೆಂಡಿನ ನ್ಯೂ ಲಾನಾರ್ಕ್ ಎಂಬ ಊರಿನ ಹತ್ತಿಯ ಗಿರಣಿಗಳ ಆಡಳಿತವನ್ನು ವಹಿಸಿಕೊಂಡಾಗ ಕೆಲಸಗಾರರು ಅವನನ್ನು ಪರದೇಶಿಯೆಂದು ಸಂಶಯದಿಂದಲೇ ನೋಡಿದರು. ಅವನು ಹತ್ತು ವರ್ಷಕ್ಕೆ ಕಡಮೆಯಾದ ಮಕ್ಕಳನ್ನು ಕೆಲಸಕ್ಕೆ ತೆಗೆದುಕೊಳ್ಳುವುದನ್ನು ನಿಲ್ಲಿಸಿದನು, ಮನೆಗಳನ್ನು ಸರಿಪಡಿಸಿದನು. ಆದರೂ ಸಂಶಯವು ಹೋಗಲಿಲ್ಲ. ಕೆಲವು ವರ್ಷಗಳ ಮೇಲೆ ಅಮೆರಿಕೆಯಿಂದ ಹತ್ತಿ ಬರುವುದಕ್ಕೆ ಅಡ್ಡಿಯುಂಟಾಗಿ ಗಿರಣಿಗಳು ನಿಂತುಹೋದುವು. ಬೇರೆಡೆಗಳಲ್ಲಿ ಯಜಮಾನರು ಜನರನ್ನು ಮನೆಗೆ ಕಳುಹಿಸಿದರು. ಓವನ್ನನು ಸುಮಾರು ನಾಲ್ಕು ತಿಂಗಳ ಕಾಲ, ಯಂತ್ರಗಳನ್ನು ಶುಚಿಯಾಗಿಟ್ಟುಕೊಳ್ಳುವ ಕೆಲಸವನ್ನು ಮಾತ್ರ ಮಾಡಿಸುತ್ತ, ಎಲ್ಲರಿಗೂ ಪೂರ್ಣ ಸಂಬಳವನ್ನು ಕೊಟ್ಟನು. ಅದಕ್ಕೆ 7,000 ಪೌಂಡುಗಳಿಗೂ ಹೆಚ್ಚು ವೆಚ್ಚವಾಯಿತು. ಆರು ವರ್ಷಗಳ ಸುಧಾರಣೆಗಳಿಂದ ದೊರೆಯದ ವಿಶ್ವಾಸವು ಆ ನಾಲ್ಕು ತಿಂಗಳಲ್ಲಿ ದೊರೆಯಿತೆಂದು ಅವನ ಆತ್ಮಕಥೆಯಿಂದ ತಿಳಿಯುತ್ತದೆ. ಅದರಲ್ಲಿ ಆಶ್ಚರ್ಯವೇನು? ಸುಧಾರಣೆಗಳಿಂದ ಗಿರಣಿಗೂ ಲಾಭವಿದ್ದಿತು. ನಿಂತ ಯಂತ್ರದ ಎದುರಿಗೆ ಕೊಟ್ಟ ಸಂಬಳದಲ್ಲಿ ಲಾಭವಿರಲಿಲ್ಲ. ಆ ವ್ಯತ್ಯಾಸವನ್ನು ಕಾಣಲು ಕೆಲಸಗಾರನಿಗೆ ಶಾಸ್ತ್ರದ ಓದು ಬೇಕಿಲ್ಲ.

ಆದರೆ ನಷ್ಟದ ಒರೆಗಲ್ಲೊಂದೇ ಸಾಲದು. ನಂಟು ನಿಜವಾಗಿದ್ದರೂ ಕೇಡಾಗುವುದುಂಟು. ಕನ್ನಡ ನಾಡಿನಲ್ಲಿ ಜೋಳವಾಳಿಯೆಂದೂ ವೇಳೆವಾಳಿಯೆಂದೂ ಹಳೆಯ ಶಬ್ದಗಳಿವೆ. ಒಡೆಯನ ಜೋಳವನ್ನು ಉಂಡ ಋಣಕ್ಕೆ ಕಟ್ಟುಬೀಳುವುದು ಜೋಳವಾಳಿ. ವೇಳೆ ಬಂದಾಗ ಒಡೆಯನಿಗಾಗಿ ಪ್ರಾಣವನ್ನು ಕೊಡುವುದು ವೇಳೆವಾಳಿ. ಉಂಡ ಮನೆಗೆ ಎರಡು ಬಗೆಯಬಾರದೆಂಬ ಗಾದೆಯಲ್ಲಿ ಇಂದಿಗೂ ಆ ಭಾವವು ಉಳಿದಿದೆ. 941ರಲ್ಲಿ ಪಂಪನು ರಚಿಸಿದ ವಿಕ್ರಮಾರ್ಜುನವಿಜಯದಲ್ಲಿ ಅರ್ಜುನನು ನಾಯಕನಾದರೂ ಓದುವವರ ಕಣ್ಣು ತೇವವಾಗುವುದು ಕರ್ಣನಿಗಾಗಿ. ಕುಲವನ್ನು ಕೇಳಿ ಎಲ್ಲರೂ ಹೀಯಾಳಿಸಿದ ಸಭೆಯಲ್ಲಿ ಅಂಗರಾಜ್ಯವನ್ನು ಕೊಟ್ಟು ಕೈಹಿಡಿದವನು ದುರ್ಯೋಧನ. ಭಾರವಿಯ ದುರ್ಯೋಧನನಂತೆ ಇದು ನಟನೆಯೆಂದು ಹೇಳಿ ತಪ್ಪಿಸಿಕೊಳ್ಳಲು ಬರುವುದಿಲ್ಲ; ಕರ್ಣನ ಮೇಲಣ ಅವನ ಪ್ರೀತಿಯು ನಿಜವಾದದ್ದು. ಕರ್ಣನ ನಿಷ್ಠೆಯೂ ನಿಜವಾದದ್ದು. ಆದರೂ ಆ ನಂಟು ಇಬ್ಬರನ್ನೂ ಉಳಿಸಲಿಲ್ಲ. ಏಕೆ? ಋಣದ ಭಾರವು ಹೆಚ್ಚಿದ ಕರ್ಣನಿಗೆ ಬೇಡವೆನ್ನುವ ಬಾಯಿ ಇರಲಿಲ್ಲ. ಬೇಡವೆನ್ನುವ ಬಾಯಿಯಿದ್ದ ವಿದುರನ ಮಾತಿಗೆ ದುರ್ಯೋಧನನಲ್ಲಿ ಕಿವಿ ಇರಲಿಲ್ಲ. ಪ್ರೀತಿಸುವವನು ಹೇಳಲಾರದೆಯೂ, ಹೇಳುವವನು ಬೇಡವಾಗಿಯೂ ಇದ್ದ ಆ ಮನೆಯು ಉಳಿಯುವ ಬಗೆ ಹೇಗೆ?

ಇದರಿಂದ ಎರಡನೆಯ ಒರೆಗಲ್ಲು ದೊರೆಯಿತು. ಕೈಕೆಳಗಿನವನು ಒಡೆಯನಿಗೆ ಅಪ್ರಿಯವಾದ ನಿಜವನ್ನು ಹೇಳಿ, ಹೇಳಿದ ಮೇಲೆಯೂ ತನ್ನ ಅನ್ನವನ್ನೂ ಮಾನವನ್ನೂ ಉಳಿಸಿಕೊಂಡಿರುವನೆ ಎಂಬುದೇ ಅದು. ಈ ಪರೀಕ್ಷೆಯಲ್ಲಿ ತೇರ್ಗಡೆಯಾದ ನಂಟಿಗೆ 1918ರಲ್ಲಿ ಅಹಮದಾಬಾದಿನಲ್ಲಿ ನಡೆದ ಗಿರಣಿಯ ಕಾರ್ಮಿಕರ ಹೋರಾಟದಲ್ಲಿ ಒಂದು ಉತ್ತಮ ಉದಾಹರಣೆಯು ಸಿಕ್ಕುತ್ತದೆ.

ಪ್ಲೇಗಿನ ಭೀತಿಯಿಂದ ಕೆಲಸಗಾರರು ಊರು ಬಿಟ್ಟು ಓಡದಿರಲೆಂದು ಗಿರಣಿಯವರು ಕೊಡುತ್ತಿದ್ದ ಹೆಚ್ಚಿನ ಹಣವನ್ನು ಪ್ಲೇಗು ಇಳಿದ ಮೇಲೆ ನಿಲ್ಲಿಸಿದರು. ಬೆಲೆಗಳು ಮಾತ್ರ ಇಳಿದಿರಲಿಲ್ಲ. ಕೆಲಸಗಾರರ ಪಕ್ಷವನ್ನು ವಹಿಸಿದ ಗಾಂಧಿಯವರು ಎಲ್ಲವನ್ನೂ ಲೆಕ್ಕಹಾಕಿ ಸಂಬಳದಲ್ಲಿ ನೂರಕ್ಕೆ 35ರ ಏರಿಕೆಯು ನ್ಯಾಯವೆಂದು ನಿಶ್ಚಯಿಸಿದರು. ಗಿರಣಿಯವರು 20ಕ್ಕೆ ಮೇಲೆ ಕೊಡಲೊಪ್ಪದೆ ಫೆಬ್ರವರಿ 22ರಂದು ಬಾಗಿಲು ಹಾಕಿದರು. ಗಿರಣಿಯವರ ಮುಖಂಡರು ಅಂಬಾಲಾಲ ಸಾರಾಭಾಯಿ. ಕೆಲಸಗಾರರೊಡನೆ ನಿಂತವರು ಅವರ ಒಡಹುಟ್ಟಿದ ಅಕ್ಕ ಅನಸೂಯಾ ಸಾರಾಭಾಯಿ. ಸಬರಮತಿಯ ದಡದಲ್ಲಿ ಜಾಲಿಯ ಮರದ ಕೆಳಗೆ ಪ್ರತಿದಿನವೂ ಸಭೆ. ದಿನಗಳು ಕಳೆದಂತೆ ಹಸಿವು ಹೆಚ್ಚಿತು, ಉತ್ಸಾಹ ಕುಗ್ಗಿತು. ಆಗ ಒಬ್ಬ ಕೆಲಸಗಾರನು, ಗಾಂಧಿಯವರಿಗೂ ಅನಸೂಯಾಬೆನ್ನರಿಗೂ ಏನು, ಅವರು ಮೋಟಾರಿನಲ್ಲಿ ಬರುವರು ಹೋಗುವರು, ಹೊಟ್ಟೆತುಂಬ ಉಣ್ಣುವರು, ಸಾಯುವವರು ಬಡವರು ಎಂಬರ್ಥದ ಮಾತನ್ನಾಡಿದನು. ಆ ಮಾತು ಗಾಂಧಿಯವರ ಕಿವಿಗೆ ಮುಟ್ಟಿತು.

ಇಲ್ಲಿ ನಿಂತು ಯೋಚಿಸಬೇಕು. ಉಪಕಾರಕ್ಕೆಂದು ಬಂದವನಿಗೆ ಇದಕ್ಕಿಂತ ಕಹಿಯಾದ ಮಾತು ಬೇಕೆ? ಬೇರೊಬ್ಬ ಮುಖಂಡನಾಗಿದ್ದರೆ ಕೃತಘ್ನರೆಂದು ಕಿಡಿಕಾರಿ ಎದ್ದುಹೋಗುತ್ತಿದ್ದನು. ಇಲ್ಲವೆ, ಆಡಿದವನು ಯಾರೆಂದು ಹುಡುಕಿಸುತ್ತಿದ್ದನು. ಗಾಂಧಿಯವರು ಆ ಮಾತಿನಲ್ಲಿ ನಿಜವಿದೆಯೆಂದು ಒಪ್ಪಿದರು. ಹಸಿದವರಿಗೆ ಧೈರ್ಯವನ್ನು ಹೇಳುವ ಹಕ್ಕು ಉಂಡವನಿಗೆ ಇಲ್ಲವೆಂಬುದೇ ಆ ನಿಜ. ಮಾರ್ಚ್ 15ರಂದು ಅವರು ಉಪವಾಸವನ್ನು ಆರಂಭಿಸಿದರು. 18ರಂದು ಒಪ್ಪಂದವಾಯಿತು, ಸಂಸ್ಕೃತ ವಿದ್ವಾಂಸರಾದ ಆನಂದಶಂಕರ ಧ್ರುವರನ್ನು ಮಧ್ಯಸ್ಥರನ್ನಾಗಿ ಮಾಡಲಾಯಿತು, ಅವರು ಬಳಿಕ 35ನ್ನೇ ಎತ್ತಿಹಿಡಿದರು. 1920ರಲ್ಲಿ ಮಜೂರ್ ಮಹಾಜನವೆಂಬ ಕೆಲಸಗಾರರ ಸಂಘವು ಅಲ್ಲಿಯೇ ಹುಟ್ಟಿತು.

ಈ ವೃತ್ತಾಂತದಲ್ಲಿ ಕಲಿಯಬೇಕಾದುದು ಗೆಲುವೊಂದೇ ಅಲ್ಲ. ಗಿರಣಿಯವರು ತಮಗೆ ಆಪ್ತರಾದುದರಿಂದ ಆ ಉಪವಾಸವು ಅವರ ಮೇಲೆ ಒತ್ತಾಯವನ್ನು ಹೇರಿತು, ಅದು ದೋಷವೇ ಸರಿ ಎಂದು ಗಾಂಧಿಯವರೇ ತಮ್ಮ ಆತ್ಮಕಥೆಯಲ್ಲಿ ಒಪ್ಪಿದ್ದಾರೆ. ಎಂದರೆ ನಂಟು ಬಲವಾದಷ್ಟೂ ಅದು ಆಯುಧವಾಗುವ ಭಯವೂ ಹೆಚ್ಚು. ಇನ್ನು ಅಕ್ಕತಮ್ಮಂದಿರ ವಿಷಯ. ಅನಸೂಯಾಬೆನ್ನರು ತಮ್ಮನನ್ನು ಬಿಟ್ಟುಕೊಡದೆಯೇ ತಮ್ಮನಿಗೆ ಎದುರುನಿಂತರು. ಕರ್ಣನಿಗೆ ಸಾಧ್ಯವಾಗದೆ ಹೋದದ್ದು ಇದೇ. ಪ್ರೀತಿಯೂ ಇರಬೇಕು, ಬೇಡವೆನ್ನುವ ಬಾಯಿಯೂ ಇರಬೇಕು. ಇವೆರಡೂ ಒಂದೇ ಎದೆಯಲ್ಲಿ ಇರಬಲ್ಲವೆಂಬುದಕ್ಕೆ ಅವರೇ ಸಾಕ್ಷಿ.

ದೊಡ್ಡವರ ಕಥೆಗಳಿಂದ ಸಣ್ಣ ಕಛೇರಿಗಳಿಗೆ ಏನು ಪ್ರಯೋಜನವೆಂದು ಕೆಲವರು ಕೇಳಬಹುದು. ಪ್ರಯೋಜನವೆಲ್ಲ ಇರುವುದು ಅಲ್ಲಿಯೇ. ಎಂಟು ಜನ ಉಪಾಧ್ಯಾಯರಿರುವ ಶಾಲೆಯ ಮುಖ್ಯೋಪಾಧ್ಯಾಯನಿಗೆ ಆ ಎಂಟು ಜನರಲ್ಲಿ ಯಾರು ಎಷ್ಟು ದೂರದಿಂದ ಬರುವರು, ಯಾರಿಗೆ ಕಣ್ಣು ಮಂದವಾಗುತ್ತಿದೆ, ಗಣಿತವನ್ನು ಹೇಳಿಕೊಡಲು ಅಂಜಿ ಆ ಅಂಜಿಕೆಯನ್ನು ಸಿಟ್ಟಿನಲ್ಲಿ ಮುಚ್ಚಿಕೊಳ್ಳುವವರು ಯಾರು ಎಂಬುದು ತಿಳಿದಿರಬೇಕು. ತಿಳಿಯಲು ಹಣ ಬೇಡ, ಸುತ್ತೋಲೆ ಬೇಡ. ದಿನಕ್ಕೊಮ್ಮೆ ತನ್ನ ಕುರ್ಚಿಯಿಂದ ಎದ್ದು ಅವರಿರುವಲ್ಲಿಗೆ ಹೋದರೆ ಸಾಕು. ಸಾವಿರಾರು ಜನರಿರುವ ಕಾರ್ಖಾನೆಯಲ್ಲಿ ಒಬ್ಬನು ಎಲ್ಲರನ್ನೂ ಬಲ್ಲವನಾಗುವುದು ಅಶಕ್ಯವೆಂಬುದು ನಿಜ. ಆದರೆ ಪ್ರತಿಯೊಂದು ಮೆಟ್ಟಿಲಿನವನೂ ತನ್ನ ಕೆಳಗಿನ ಮೆಟ್ಟಿಲಿನವರನ್ನು ಬಲ್ಲವನಾಗುವುದು ಶಕ್ಯ. ನಡುವಿನವನನ್ನು ದಾಟಿ ನೇರವಾಗಿ ಮೇಲಿನವನ ಬಳಿಗೆ ಬರುವ ಒಂದು ದಾರಿಯನ್ನು ಬಡಕೆಲಸಗಾರನಿಗೂ ತೆರೆದಿಡುವುದು ಶಕ್ಯ.

ಇಂದಿನ ದಿನಗಳಲ್ಲಿ ಈ ಮಾತಿಗೆ ಹೊಸದೊಂದು ತೂಕವು ಬಂದಿದೆ. ಮನೆಮನೆಗೆ ಊಟವನ್ನು ತಲಪಿಸುವ ಹುಡುಗನಿಗೆ ಯಜಮಾನನ ಮುಖವೆಂಬುದೇ ಇಲ್ಲ. ಅಂಗೈಯಲ್ಲಿರುವ ಮೊಬೈಲು ಹೋಗೆಂದಲ್ಲಿಗೆ ಹೋಗುವನು, ತಡವಾದರೆ ಅದೇ ಮೊಬೈಲು ಅವನ ಅಂಕಗಳನ್ನು ಕಳೆಯುವುದು. ತಡವಾದುದೇಕೆಂದು ಯಂತ್ರವು ಕೇಳುವುದಿಲ್ಲ. ಕೇಳಿದರೂ ಅದರ ಪಟ್ಟಿಯಲ್ಲಿಲ್ಲದ ಉತ್ತರವನ್ನು ಅವನು ಹೇಳುವಂತಿಲ್ಲ. ಯಂತ್ರದ ಮೇಲೆ ಇಲ್ಲಿ ದ್ವೇಷವಿಲ್ಲ; ಅದು ಲೆಕ್ಕವನ್ನು ಮನುಷ್ಯನಿಗಿಂತ ಚೆನ್ನಾಗಿ ಇಡಬಲ್ಲದು. ಆದರೆ ಲೆಕ್ಕದ ಹಿಂದೆ ಕೇಳುವ ಮನುಷ್ಯನೊಬ್ಬನು ಇಲ್ಲದೆಹೋದರೆ, ಕೌಟಿಲ್ಯನು ಹೇಳಿದ ಕಾಣಸಿಗದ ರಾಜನು ಹೊಸ ವೇಷದಲ್ಲಿ ಮತ್ತೆ ಸಿಂಹಾಸನವೇರಿದನೆಂದು ತಿಳಿಯಬೇಕು.

ಆಳಾಗಬಲ್ಲವನು ಅರಸನಾಗಬಲ್ಲನೆಂದು ಗಾದೆಯುಂಟು. ಆಳಿನ ಮನಸ್ಸನ್ನು ಅರಿತವನೇ ಅರಸುತನಕ್ಕೆ ಅರ್ಹನೆಂಬುದು ಅದರ ತಾತ್ಪರ್ಯ. ಅಧಿಕಾರದಲ್ಲಿರುವವನು ಈ ಅರ್ಹತೆಯನ್ನು ಪ್ರತಿದಿನವೂ ತಾನೇ ಪರೀಕ್ಷಿಸಿಕೊಳ್ಳಬಹುದು. ಸಂಜೆ ಬಾಗಿಲು ಹಾಕುವ ವೇಳೆಯಲ್ಲಿ, ತನಗೆ ಹಿತವಲ್ಲದ ಮಾತನ್ನು ಇಂದು ಯಾರಾದರೂ ತನ್ನ ಬಳಿಗೆ ಬಂದು ಹೇಳಿದರೆ ಎಂದು ಅವನು ಕೇಳಿಕೊಳ್ಳಲಿ. ಹಾಗೆ ಯಾರೂ ಹೇಳದೆ ತಿಂಗಳುಗಳು ಕಳೆದಿದ್ದರೆ, ಎಲ್ಲವೂ ಕ್ಷೇಮವೆಂದು ಅವನು ಹಿಗ್ಗಬೇಕಾಗಿಲ್ಲ. ಹೇಳಬೇಕಾದವರು ಬಾಗಿಲವರೆಗೆ ಬಂದು ಹಿಂದಿರುಗುತ್ತಿರುವರೆಂದು ತಿಳಿದು, ಮರುದಿನ ತಾನೇ ಎದ್ದು ಅವರಿರುವಲ್ಲಿಗೆ ಹೋಗತಕ್ಕದ್ದು.